ಪಕ್ಕದ ದೇಶಕ್ಕೆ ಪಾಸ್‌ಪೋರ್ಟ್ ಚೆಕ್ ಇಲ್ದೆ ಹೋಗಿಬರೋದು: ಇದು ನಿಜವಾಗ್ಲೂ ನಡಿಯೋ ಮಾತಾ?

ದಾರಿಹೋಕ:
ಎಲ್ರಿಗೂ ನಮಸ್ಕಾರ. ಯುರೋಪಿನ ದೇಶಗಳು ತಮ್ಮತಮ್ಮ ಮಧ್ಯದ ಗಡಿ ತಪಾಸಣೆ ತೆಗೆದುಹಾಕಿರೋ ಷೆಂಗೆನ್ ಒಪ್ಪಂದದ ಬಗ್ಗೆ ಓದ್ತಾ ಇದೀನಿ. ಈಗ 29 ದೇಶ ಅದರಲ್ಲಿವೆ, ಪೋರ್ಚುಗಲ್‌ನಲ್ಲಿ ಕಾರು ಹತ್ತಿದ್ರೆ ಎಸ್ಟೋನಿಯಾ ತನಕ ಯಾರೂ ಪಾಸ್‌ಪೋರ್ಟ್ ಕೇಳ್ದೆ ಹೋಗ್ಬಹುದು ಅಂತಾರೆ. ಆದ್ರೆ ಜರ್ಮನಿ ನೋಡಿದ್ರೆ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲಾ ಭೂಗಡಿಗಳಲ್ಲೂ ಮತ್ತೆ ಪೊಲೀಸರನ್ನ ನಿಲ್ಲಿಸಿದೆ. ಹಾಗಾದ್ರೆ ಇದೆಲ್ಲ ಮುಗಿದ ಕಥೆನಾ? ಗಡಿಯಲ್ಲಿ ಯಾರೂ ನೋಡೋರೇ ಇಲ್ಲ ಅಂದ್ರೆ ತಪ್ಪಿಸ್ಕೊಂಡು ಹೋಗೋ ಅಪರಾಧಿಗಳನ್ನ ಹಿಡಿಯೋದು ಹೇಗೆ? ಇನ್ನೊಂದು, ಇದು ದುಡ್ಡಿರೋ ದೇಶಗಳಿಗೆ ಮಾತ್ರ ಆಗೋ ವಿಷ್ಯನಾ? ಒಂದೇ ಭಾಷೆ, ಒಂದೇ ಬಂಧುಬಳಗ ಇರೋ ಊರುಗಳ ಮಧ್ಯೆ ಗೆರೆ ಎಳೆದು ಅಕ್ಕನ ಮನೆಗೆ ಹೋಗೋಕೂ ವೀಸಾ ಬೇಕು ಅನ್ನೋದು ನಂಗಂತೂ ಅನ್ಯಾಯ ಅನ್ಸುತ್ತೆ, ಅದಕ್ಕೇ ಕೇಳ್ತಿದೀನಿ.

ನಕಾಶೆ ಪ್ರಿಯ:
ಒಳ್ಳೆ ಪ್ರಶ್ನೆ. ಮೊದಲು ಇದು ಹೇಗೆ ಶುರುವಾಯ್ತು ಅಂತ ನೋಡಿ. 1984ರಲ್ಲಿ ಇಟಲಿ ಮತ್ತು ಫ್ರಾನ್ಸ್‌ನ ಕಸ್ಟಮ್ಸ್ ಸಿಬ್ಬಂದಿ ಮುಷ್ಕರ ಮಾಡಿದ್ರು, ಆಲ್ಪ್ಸ್ ಕಡೆ ಗಡಿಗಳಲ್ಲಿ ಲಾರಿಗಳು ಸಾಲುಸಾಲಾಗಿ ನಿಂತುಬಿಟ್ವು, ಡ್ರೈವರ್‌ಗಳು ರೇಗಿ ರಸ್ತೆಗೇ ಲಾರಿ ಅಡ್ಡ ಹಾಕಿದ್ರು. ಆ ಗಲಾಟೆ ಆದ ಕೆಲವೇ ತಿಂಗಳಲ್ಲಿ ಫ್ರಾನ್ಸ್‌ನ ಅಧ್ಯಕ್ಷ ಮಿತ್ತೆರಾಂ ಮತ್ತು ಪಶ್ಚಿಮ ಜರ್ಮನಿಯ ಚಾನ್ಸೆಲರ್ ಕೋಲ್ ತಮ್ಮಿಬ್ಬರ ಗಡಿ ಸಡಿಲ ಮಾಡೋಕೆ ಒಪ್ಕೊಂಡ್ರು. ಮಾರನೇ ವರ್ಷ ಅಂದ್ರೆ 1985ರ ಜೂನ್ 14ಕ್ಕೆ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಕೂಡ ಸೇರಿ ಐದು ದೇಶ ಸಹಿ ಹಾಕಿದ್ವು, ಅದೂ ಮೊಸೆಲ್ ನದಿ ಮೇಲೆ ಒಂದು ಹಡಗಿನಲ್ಲಿ, ಪಕ್ಕದಲ್ಲಿದ್ದ ಹಳ್ಳಿ ಹೆಸರು ಷೆಂಗೆನ್.

ಆದ್ರೆ ಸಹಿ ಹಾಕಿದ ತಕ್ಷಣ ಗೇಟ್ ಕಿತ್ತು ಬಿಸಾಕಿದ್ರು ಅಂದ್ಕೋಬೇಡಿ. ಮೊದಲು ಏನ್ ಮಾಡಿದ್ರು ಅಂದ್ರೆ, ಕಾರಿನ ಮುಂದಿನ ಗಾಜಿಗೆ ಒಂದು ಹಸಿರು ಬಿಲ್ಲೆ ಅಂಟಿಸ್ಕೋಬೇಕು, ಅದು ಇದ್ರೆ ಗಡಿಯಲ್ಲಿ ನಿಲ್ಲಿಸ್ದೆ ನಿಧಾನಕ್ಕೆ ದಾಟ್ಬಹುದು, ಪೊಲೀಸರು ಕಣ್ಣಲ್ಲೇ ನೋಡಿ ಬಿಡ್ತಿದ್ರು, ಅನುಮಾನ ಬಂದ್ರೆ ಮಾತ್ರ ಪಕ್ಕಕ್ಕೆ ಹಾಕಿಸ್ತಿದ್ರು. ನಿಜವಾಗಿ ಚೆಕಿಂಗ್ ನಿಂತಿದ್ದು 1995ರ ಮಾರ್ಚ್‌ನಲ್ಲಿ, ಹತ್ತು ವರ್ಷ ಆದ್ಮೇಲೆ. ಆ ಹತ್ತು ವರ್ಷದಲ್ಲಿ ಮಾಡಿದ್ದೇ ಅಸಲಿ ಕೆಲಸ. ಒಂದೇ ಥರದ ವೀಸಾ, ಹೊರಗಿನ ಗಡಿಯಲ್ಲಿ ಒಂದೇ ಥರದ ತಪಾಸಣೆ, ಆಮೇಲೆ ಎಲ್ಲಾ ದೇಶದ ಪೊಲೀಸರೂ ನೋಡ್ಬಹುದಾದ ಒಂದು ಡೇಟಾಬೇಸ್, ಅದನ್ನ ಎಸ್ಐಎಸ್ ಅಂತಾರೆ. ಕದ್ದ ಕಾರು, ವಾರಂಟ್ ಇರೋರು, ಕಾಣೆಯಾದ ಮಕ್ಕಳು, ಎಲ್ಲಾ ಅದರಲ್ಲಿರುತ್ತೆ. ಅಂದ್ರೆ ನಿಮ್ಮ ಅಪರಾಧಿ ಪ್ರಶ್ನೆಗೆ ಉತ್ತರ ಇದೇ: ಗೇಟ್ ಹತ್ರ ಸಿಗದವನು ದೇಶದ ಒಳಗೆ ಎಲ್ಲೋ ರಸ್ತೆಯಲ್ಲಿ ಪೊಲೀಸರು ಐಡಿ ನೋಡಿದಾಗ ಸಿಗ್ತಾನೆ. ತಪಾಸಣೆ ಹೋಗಿಲ್ಲ, ಜಾಗ ಬದಲಾಯ್ತು ಅಷ್ಟೇ.

ಸುಮಾ:
ನಕಾಶೆ ಪ್ರಿಯ ಅವ್ರು ಹೇಳಿದ್ದು ಸರಿ, ಆದ್ರೆ ಜಾಗ ಬದಲಾಯ್ತು ಅಂದ್ರೆ ಭಾರ ಯಾರ ತಲೆ ಮೇಲೆ ಬಿತ್ತು ಅನ್ನೋದನ್ನೂ ಹೇಳ್ಬೇಕಲ್ವಾ? ಒಳಗಿನ ಗಡಿ ತೆಗೆದ ಮೇಲೆ ಹೊರಗಿನ ಗಡಿ ಕಾಯೋದು ಗ್ರೀಸ್, ಇಟಲಿ, ಸ್ಪೇನ್ ಪಾಲಿಗೆ ಬಂತು. ಜೊತೆಗೆ ಡಬ್ಲಿನ್ ನಿಯಮ ಬೇರೆ, ಆಶ್ರಯ ಕೇಳಿ ಬಂದವರು ಸಾಮಾನ್ಯವಾಗಿ ಮೊದಲು ಕಾಲಿಟ್ಟ ದೇಶವೇ ಅವರ ಅರ್ಜಿ ನೋಡ್ಬೇಕು ಅಂತ. 2015ರಲ್ಲಿ ಸಿರಿಯಾ ಯುದ್ಧದಿಂದ ಓಡಿ ಬಂದವರು ಗ್ರೀಸ್ ದ್ವೀಪಗಳಲ್ಲಿ ಇಳಿದಾಗ ಆ ಲೆಕ್ಕ ಪೂರ್ತಿ ತಲೆಕೆಳಗಾಯ್ತು. ಜರ್ಮನಿ ಆಸ್ಟ್ರಿಯಾ ಗಡಿಯಲ್ಲಿ ಚೆಕಿಂಗ್ ಶುರು ಮಾಡಿದ್ದು ಆವಾಗಲೇ, ಅದೇ ವರ್ಷ ನವೆಂಬರ್‌ನಲ್ಲಿ ಫ್ರಾನ್ಸ್ ಕೂಡ ಶುರು ಮಾಡ್ತು, ಪ್ಯಾರಿಸ್ ದಾಳಿ ಆದ್ಮೇಲೆ ಅದನ್ನ ಮುಂದುವರಿಸ್ತು. ತಾತ್ಕಾಲಿಕ ಅಂತ ಹೇಳಿ ಮಾಡಿದ್ದು, ಆರಾರು ತಿಂಗಳು ಮುಂದೂಡ್ತಾ ಮುಂದೂಡ್ತಾ ವರ್ಷಗಟ್ಟಲೆ ನಡೀತಿದೆ.

ನಂಗೆ ನೋವಾಗೋದು ಏನಂದ್ರೆ ಒಳಗಿನವರ ಸ್ವಾತಂತ್ರ್ಯಕ್ಕೆ ಹೊರಗಿನವರು ಬೆಲೆ ಕಟ್ತಿದಾರೆ. ಒಳಗೆ ಗೋಡೆ ಬಿದ್ದಷ್ಟೂ ಹೊರಗಿನ ಗೋಡೆ ಎತ್ತರ ಆಯ್ತು, ಮೆಡಿಟರೇನಿಯನ್‌ನಲ್ಲಿ ದೋಣಿ ಮುಳುಗಿ ಸಾವಿರಾರು ಜನ ಸತ್ತಿದಾರೆ. ಗಡಿ ತೆಗೀಬೇಡಿ ಅಂತ ಹೇಳ್ತಿಲ್ಲ, ತೆಗೆದಾಗ ಈ ಹೊಣೆನೂ ಎಲ್ರೂ ಹಂಚ್ಕೋಬೇಕು ಅಂತ ಹೇಳ್ತಿದೀನಿ.

ತೆರೆದ ಬಾಗಿಲು:
ದುಡ್ಡಿರೋ ದೇಶಕ್ಕೆ ಮಾತ್ರನಾ ಅಂದ್ರಲ್ಲ, ಅಷ್ಟು ದೂರ ಯಾಕೆ, ಭಾರತ ನೇಪಾಳ ನೋಡಿ. 1950ರ ಒಪ್ಪಂದದಿಂದ ಎರಡೂ ಕಡೆಯವರು ವೀಸಾ ಇಲ್ದೆ ಹೋಗ್ಬಹುದು, ಉಳ್ಕೋಬಹುದು, ವ್ಯಾಪಾರ ಮಾಡ್ಬಹುದು. ಷೆಂಗೆನ್‌ಗಿಂತ ಎಷ್ಟೋ ಹಳೇದು. ಸುಮಾರು 1,750 ಕಿಲೋಮೀಟರ್ ಗಡಿ. ಸುನೌಲಿ ಗೇಟ್ ಹತ್ರ ನಿಂತು ನೋಡಿದ್ರೆ ಗೊತ್ತಾಗುತ್ತೆ, ತಲೆ ಮೇಲೆ ಮೂಟೆ ಹೊತ್ತವರು, ಸೈಕಲ್‌ನವರು, ಮದುವೆಗೆ ಹೊರಟ ಹೆಂಗಸರು ಮಕ್ಕಳು ಎಲ್ಲಾ ಸುಮ್ನೆ ನಡ್ಕೊಂಡು ದಾಟ್ತಾರೆ. ಈ ಗಡಿ ಕಾಯೋ ಭಾರತದ ಪಡೆ ಎಸ್‌ಎಸ್‌ಬಿಯವರು ಒಂದೊಂದ್ಸಲ ಬ್ಯಾಗ್ ಬಿಚ್ಚಿಸ್ತಾರೆ, ಅಷ್ಟೇ. ಭಾರತದ ಗಾಡಿ ಆದ್ರೆ ಆಚೆ ಕಡೆ ಭನ್ಸಾರ್, ಅಂದ್ರೆ ನೇಪಾಳದ ಕಸ್ಟಮ್ಸ್ ಸುಂಕ, ಕಟ್ಟಿ ಚೀಟಿ ಇಟ್ಕೋಬೇಕು. ಮೂರನೇ ದೇಶದವರಿಗೆ ಮಾತ್ರ ಇಮಿಗ್ರೇಷನ್ ಆಫೀಸಲ್ಲಿ ಸೀಲ್ ಬೇಕು, ಅವ್ರನ್ನ ಯಾರೂ ತಡೆದು ಹೇಳಲ್ಲ, ಜನದ ಜೊತೆ ನಡ್ಕೊಂಡು ಹೋಗಿಬಿಟ್ರೆ ವಾಪಸ್ ಬರೋವಾಗ ಪೇಚಾಟ.

ಆದ್ರೆ ಇಲ್ಲಿ ಷೆಂಗೆನ್ ಥರ ಒಂದೇ ವೀಸಾ ಇಲ್ಲ, ಎಸ್‌ಐಎಸ್ ಥರ ಇಬ್ಬರೂ ಸೇರಿ ನಡೆಸೋ ವ್ಯವಸ್ಥೆನೂ ಇಲ್ಲ. ಇರೋದು ನಂಟಸ್ತಿಕೆ ಮತ್ತು ಅಭ್ಯಾಸ. ಅದಕ್ಕೇ ಸರ್ಕಾರಗಳ ಮಧ್ಯೆ ಮುನಿಸು ಬಂದ್ರೆ ಪೆಟ್ಟು ನೇರ ಜನಕ್ಕೆ ಬೀಳುತ್ತೆ. 2015ರಲ್ಲಿ ನೇಪಾಳದ ಹೊಸ ಸಂವಿಧಾನ ಬಂದಾಗ ಬಿಹಾರದ ರಕ್ಸೌಲ್‌ನಿಂದ ನೇಪಾಳದ ಬೀರ್‌ಗಂಜ್‌ಗೆ ಹೋಗೋ ದಾರಿ ತಿಂಗಳುಗಟ್ಟಲೆ ಕಟ್ಟಾಯ್ತು, ಪೆಟ್ರೋಲ್, ಅಡುಗೆ ಗ್ಯಾಸ್, ಔಷಧಿ ಯಾವ್ದೂ ಸರಿಯಾಗಿ ಹೋಗಲಿಲ್ಲ. ಭೂಕಂಪ ಆಗಿ ಇನ್ನೂ ವರ್ಷ ತುಂಬಿರಲಿಲ್ಲ ಆ ಜನಕ್ಕೆ. ಗಡಿ ತೆರೆದಿದ್ರೆ ಸಾಲದು, ಅದನ್ನ ಒಬ್ಬರೇ ಮುಚ್ಚೋಕೆ ಆಗ್ಬಾರ್ದು ಅನ್ನೋ ನಿಯಮನೂ ಬೇಕು.

ದಾರಿಹೋಕ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಒಂದು ಡೌಟ್ ಇದೆ, ಗಡಿ ತೆರೆದ್ರೆ ಕೆಲಸ ಮಾಡೋ ಹಕ್ಕೂ ತಾನಾಗೇ ಬರುತ್ತಾ? ಹೊಸದಾಗಿ ಶುರು ಮಾಡೋ ದೇಶಗಳು ಎಲ್ಲಿಂದ ಶುರು ಮಾಡ್ಬೇಕು?

ರೈಲುಬಂಡಿ:
ಇಲ್ಲ, ಓಡಾಡೋ ಸ್ವಾತಂತ್ರ್ಯ ಬೇರೆ, ದುಡಿಯೋ ಹಕ್ಕು ಬೇರೆ. ನಾನು ಫ್ರಾನ್ಸ್ ಕಡೆ ಮನೆ ಮಾಡ್ಕೊಂಡು ಲಕ್ಸೆಂಬರ್ಗ್‌ಗೆ ಕೆಲಸಕ್ಕೆ ಹೋಗ್ತೀನಿ. ಥಿಯೋನ್‌ವಿಲ್‌ನಲ್ಲಿ ಬೆಳಗ್ಗೆ ರೈಲು ಹತ್ತಿದ್ರೆ ಕಾಲಿಡೋಕೆ ಜಾಗ ಇರಲ್ಲ, ಗಡಿ ಯಾವಾಗ ದಾಟ್ತು ಅಂತ ಕಿಟಕಿ ನೋಡಿದ್ರೂ ಗೊತ್ತಾಗಲ್ಲ. ಆದ್ರೆ ನಮ್ಮಂಥ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಫ್ರಾನ್ಸ್‌ನ ವಾಸದ ಕಾರ್ಡ್ ಇದ್ದ ಮಾತ್ರಕ್ಕೆ ಲಕ್ಸೆಂಬರ್ಗ್‌ನಲ್ಲಿ ಕೆಲಸ ಮಾಡೋಕೆ ಆಗಲ್ಲ, ಅದಕ್ಕೆ ಬೇರೇನೇ ಪರ್ಮಿಟ್. ಮನೆಯಿಂದ ಕೆಲಸ ಮಾಡಿದ್ರೂ ವರ್ಷಕ್ಕೆ 34 ದಿನ ದಾಟಿದ್ರೆ ತೆರಿಗೆ ಲೆಕ್ಕ ಫ್ರಾನ್ಸ್ ಕಡೆ ಬರುತ್ತೆ. ಗಡಿ ರೈಲಲ್ಲಿ ಕಾಣಲ್ಲ ನಿಜ, ಸಂಬಳದ ಚೀಟಿಯಲ್ಲಿ ಕಾಣುತ್ತೆ.

ಈ ಗಡಿ ದಾಟಿ ದುಡಿಯೋ ಅಭ್ಯಾಸ ಎಷ್ಟು ಒಳಗೆ ಇಳಿದಿದೆ ಅಂದ್ರೆ ಲಕ್ಸೆಂಬರ್ಗ್‌ನಲ್ಲಿ ದುಡಿಯೋರಲ್ಲಿ ಹತ್ರಹತ್ರ ಅರ್ಧದಷ್ಟು ಜನ ಪಕ್ಕದ ಮೂರು ದೇಶದಿಂದ ದಿನಾ ಬಂದು ಹೋಗೋರು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಜರ್ಮನಿ ಲಕ್ಸೆಂಬರ್ಗ್ ಜೊತೆಗಿನ ಗಡಿಯಲ್ಲಿ ತಪಾಸಣೆ ಶುರು ಮಾಡಿ ಸಣ್ಣಪುಟ್ಟ ದಾರಿ ಮುಚ್ಚಿದಾಗ ಎಲ್ರಿಗೂ ಮೊದಲು ಬಂದ ಭಯ ಆಸ್ಪತ್ರೆದು, ಯಾಕಂದ್ರೆ ಇಲ್ಲಿನ ನರ್ಸ್‌ಗಳಲ್ಲಿ ತುಂಬಾ ಜನ ಗಡಿ ಆಚೆಯವರು.

ಎಲ್ಲಿಂದ ಶುರು ಮಾಡ್ಬೇಕು ಅಂದ್ರಿ. ಸ್ವೀಡನ್, ನಾರ್ವೆ ಥರದ ಉತ್ತರ ಯುರೋಪಿನ ನಾರ್ಡಿಕ್ ದೇಶಗಳು ಮಾಡಿದ ಕ್ರಮ ನಂಗಿಷ್ಟ. 1952ರಲ್ಲಿ ಪರಸ್ಪರರ ಪ್ರಜೆಗಳಿಗೆ ಪಾಸ್‌ಪೋರ್ಟ್ ಬೇಡ ಅಂದ್ರು, 1954ಕ್ಕೆ ಕೆಲಸ ಮಾಡೋಕೆ ಪರ್ಮಿಟ್ ಬೇಡ ಅಂದ್ರು, ಆಮೇಲೆ 1957ರ ಒಪ್ಪಂದದಲ್ಲಿ ಒಳಗಡೆ ಗಡಿ ತಪಾಸಣೆನೇ ತೆಗೆದ್ರು. ಮೊದಲು ಪಕ್ಕದವರ ಗುರುತಿನ ಚೀಟಿ ನಂಬೋದು, ಆಮೇಲೆ ದುಡಿಯೋಕೆ ಬಿಡೋದು, ಕೊನೆಗೆ ಗೇಟ್. ಹೊಸದಾಗಿ ಮಾಡೋರು ಗಡಿಯಿಂದ ಹತ್ತಿಪ್ಪತ್ತು ಕಿಲೋಮೀಟರ್ ಒಳಗಿರೋ ಊರಿನವರಿಗೆ ಒಂದು ಪಾಸ್ ಕೊಟ್ಟು ಶುರು ಮಾಡಿದ್ರೂ ಸಾಕು, ನೀವು ಹೇಳಿದ ಅಕ್ಕನ ಮನೆಗೆ ಹೋಗೋರಿಗೆ ಮೊದಲು ಬೇಕಾಗಿರೋದು ಅದೇ.