ರಾಜ್ಯೋತ್ಸವಕ್ಕೆ ಇಂಗ್ಲೆಂಡಿನ ಮೇಯರ್ ಅವರನ್ನು ಕರೆಯೋದು ಹೇಗೆ? ಕರೆಸಿ ಏನು ಮಾಡಿಸೋದು?

ಉಪ್ಪುಗಂಜಿ:
ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಮಧ್ಯಭಾಗದ ಒಂದು ಸಣ್ಣ ಊರಿನಲ್ಲಿ. ಈ ಸಲ ನವೆಂಬರ್‌ನಲ್ಲಿ ರಾಜ್ಯೋತ್ಸವ ಸ್ವಲ್ಪ ಜೋರಾಗಿ ಮಾಡೋಣ ಅಂತ ಇದ್ದೇವೆ. ಮುಖ್ಯ ಅತಿಥಿಯಾಗಿ ಮೇಯರ್ ಬರಲಿ ಅಂತ ಕಮಿಟಿಯಲ್ಲಿ ಅರ್ಧ ಜನ. ಇನ್ನರ್ಧ ಜನ "ಅವರ ಕೈಯಲ್ಲಿ ಏನೂ ಇಲ್ಲ, ಹಾಲ್ ಬಾಡಿಗೆ ಕೂಡ ಕಡಿಮೆ ಮಾಡಿಸೋಕೆ ಆಗಲ್ಲ, ಎಂಪಿಯನ್ನೇ ಕರೀರಿ" ಅಂತಾರೆ. ಮೀಟಿಂಗ್ ಅದರಲ್ಲೇ ಮುಗಿದುಹೋಯಿತು.

ಕರೆಯೋಕೆ ದುಡ್ಡು ಕೊಡಬೇಕಾ? ಹಾರ ಹಾಕಬಹುದಾ, ಕತ್ತಿನಲ್ಲಿ ಆ ದೊಡ್ಡ ಚಿನ್ನದ ಸರ ಇರುತ್ತಲ್ಲ? ಇನ್ನೊಂದು ತಲೆನೋವು: ಇಲ್ಲಿ ಟೌನ್ ಕೌನ್ಸಿಲ್‌ಗೆ ಒಬ್ಬ ಮೇಯರ್, ಬರೋ (borough, ನಮ್ಮ ಊರೂ ಸುತ್ತಲಿನ ಊರುಗಳೂ ಸೇರಿದ ದೊಡ್ಡ ಆಡಳಿತ ಪ್ರದೇಶ) ಕೌನ್ಸಿಲ್‌ಗೆ ಇನ್ನೊಬ್ಬ ಮೇಯರ್ ಇದ್ದಾರೆ. ಯಾರನ್ನು ಕರೆಯೋದು?

ಹಳೇಸೇತುವೆ:
ಮೊದಲು ನಿಮ್ಮ ಕಮಿಟಿಯ ಜಗಳ. ಕೈಯಲ್ಲಿ ಏನೂ ಇಲ್ಲ ಅನ್ನೋದು ಹೆಚ್ಚುಕಡಿಮೆ ನಿಜವೇ. ಇಲ್ಲಿನ ಬಹುಪಾಲು ಊರುಗಳ ಮೇಯರ್ ಅವರನ್ನು ಜನ ಆರಿಸಲ್ಲ. ಪ್ರತಿ ವರ್ಷ ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಕೌನ್ಸಿಲರ್‌ಗಳೇ ತಮ್ಮಲ್ಲೊಬ್ಬರನ್ನು ಆರಿಸುತ್ತಾರೆ, ಸಾಮಾನ್ಯವಾಗಿ ಹಿರಿತನ ನೋಡಿ, ಅಥವಾ ಸರದಿ ಪ್ರಕಾರ. ಕೌನ್ಸಿಲ್ ಸಭೆ ನಡೆಸೋದು, ಮತ ಸಮಬಲವಾದರೆ ತೀರ್ಪಿನ ಮತ ಹಾಕೋದು, ಇಷ್ಟು ಬಿಟ್ಟರೆ ವರ್ಷವಿಡೀ ಊರಿನ ಪರವಾಗಿ ಮುಖ ತೋರಿಸೋದೇ ಕೆಲಸ. ದುಡ್ಡು, ರಸ್ತೆ, ಕಸ ಇವೆಲ್ಲ ಕೌನ್ಸಿಲ್ ಲೀಡರ್ (ಆಡಳಿತ ನಡೆಸೋ ಗುಂಪಿನ ಮುಖ್ಯಸ್ಥರು) ಮತ್ತು ಅಧಿಕಾರಿಗಳ ಕೈಯಲ್ಲಿ. ಲಂಡನ್, ಗ್ರೇಟರ್ ಮ್ಯಾಂಚೆಸ್ಟರ್, ವ್ಯಾಟ್‌ಫರ್ಡ್ ಕಡೆ ಜನರೇ ನೇರವಾಗಿ ಆರಿಸೋ ಮೇಯರ್ ಇದ್ದಾರೆ, ಅದು ಬೇರೆ ಜಾತಿ, ಅವರಿಗೆ ನಿಜವಾದ ಅಧಿಕಾರ ಇದೆ. ಲಂಡನ್ನಿನೊಳಗಿನ ಹ್ಯಾಕ್ನಿ, ಟವರ್ ಹ್ಯಾಮ್ಲೆಟ್ಸ್ ಬರೋಗಳಲ್ಲಂತೂ ಮೇಯರ್‌ಗೆ ಆಡಳಿತ ಬಿಟ್ಟು, ರಿಬ್ಬನ್ ಕತ್ತರಿಸೋದು, ಸಮಾರಂಭಗಳಿಗೆ ಹೋಗೋದು ಇವಕ್ಕೆಲ್ಲ ಸ್ಪೀಕರ್ ಅಂತ ಬೇರೊಬ್ಬರನ್ನೇ ಇಟ್ಟಿದ್ದಾರೆ.

ಆದರೆ ಏನೂ ಕೇಳೋಕೆ ಆಗಲ್ಲ ಅನ್ನೋದೇ ಇವರನ್ನು ಕರೆಯೋಕೆ ಒಳ್ಳೆ ಕಾರಣ, ನನ್ನ ಪ್ರಕಾರ. ಎಂಪಿ ಬಂದರೆ ಪಕ್ಷ ಬರುತ್ತದೆ, ಆಮೇಲೆ ಗ್ರೂಪಿನಲ್ಲಿ ಒಂದು ವಾರ ರಾಜಕೀಯ. ಮೇಯರ್ ಆದವರು ಆ ಒಂದು ವರ್ಷ ಹೊರಗಿನ ಕಾರ್ಯಕ್ರಮಗಳಲ್ಲಿ ಪಕ್ಷದ ಮಾತಾಡಲ್ಲ. ಇಡೀ ಊರು ನಿಮ್ಮ ಮನೆಗೆ ಬಂದ ಲೆಕ್ಕ.

ದುಡ್ಡು ಕೊಡಬೇಕಾಗಿಲ್ಲ. ಪ್ರತಿ ಮೇಯರ್ ಆ ವರ್ಷಕ್ಕೆ ಒಂದೋ ಎರಡೋ ಚಾರಿಟಿ ಆರಿಸಿಕೊಂಡಿರುತ್ತಾರೆ, ಮನಸ್ಸಿದ್ದರೆ ಅದಕ್ಕೊಂದು ಡಬ್ಬಿ ಇಡಿ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಮೇಯರ್ ಆಫೀಸಿನ ಆಹ್ವಾನದ ಫಾರಂ ಇದೆಯಾ ನೋಡಿ, ಇಲ್ಲದಿದ್ದರೆ ಅವರ ಸೆಕ್ರೆಟರಿಗೆ ಇಮೇಲ್ ಮಾಡಿ. ಎಷ್ಟು ಹೊತ್ತಿಗೆ ಬರಬೇಕು, ಬಾಗಿಲಲ್ಲಿ ಯಾರು ಬರಮಾಡಿಕೊಳ್ಳುತ್ತಾರೆ, ಕಾರು ಎಲ್ಲಿ ನಿಲ್ಲಿಸಬೇಕು, ಭಾಷಣ ಬೇಕಾ, ಸರ ಹಾಕಿಕೊಂಡು ಬರಬೇಕಾ, ಎಷ್ಟು ಹೊತ್ತಿಗೆ ಹೊರಡಬಹುದು, ಇಷ್ಟನ್ನೂ ಕೇಳುತ್ತಾರೆ. "ಸಂಜೆ ಬನ್ನಿ" ಅಂತ ಬರೆಯಬೇಡಿ. 5.15 ಅಂತ ಬರೆಯಿರಿ.

ತಾರೀಖಿನ ಬಗ್ಗೆ ಒಂದು ಮಾತು. ನವೆಂಬರ್‌ನ ಎರಡನೇ ಭಾನುವಾರ ರಿಮೆಂಬ್ರೆನ್ಸ್ ಸಂಡೇ, ಯುದ್ಧ ಸ್ಮಾರಕಕ್ಕೆ ಹೂಚಕ್ರ ಇಡೋಕೆ ಮೇಯರ್ ಹೋಗಲೇಬೇಕು. ಆ ದಿನ ಕೇಳಲೇಬೇಡಿ. ಅದಾದ ಮೇಲೆ ಕ್ರಿಸ್ಮಸ್ ದೀಪ ಹೊತ್ತಿಸೋ ಗಲಾಟೆ ಶುರು. ಜುಲೈ, ಆಗಸ್ಟ್‌ನಲ್ಲೇ ಬರೆದುಬಿಡಿ.

ಗಿರ್ಮಿಟ್_ಪ್ರಿಯ:
ಸರ್, ನಾನು ಹುಬ್ಬಳ್ಳಿಯವನು. ನಮ್ಮ ಕಡೆ ಮೇಯರ್ ಅಂದ್ರೂ ಒಂದೇ ವರ್ಷ, ಆಡಳಿತವೆಲ್ಲ ಕಮಿಷನರ್ ಕೈಯಲ್ಲಿ. ಹಾಗಂತ ಗಣಪತಿ ಪೆಂಡಾಲಿಗೆ ಮೇಯರ್ ಕರೆಯೋದು ಬಿಡ್ತೀವಾ? ಅಧಿಕಾರ ಇಲ್ಲ ಅಂತ ಕರೀಬಾರದು ಅಂದ್ರೆ ಮದುವೆಗೆ ಅಜ್ಜನ್ನ ಯಾಕೆ ಕರೀಬೇಕು?

ಅಷ್ಟಕ್ಕೂ ಈ ಹುದ್ದೆಯಲ್ಲಿ ನಮ್ಮವರೇ ಕೂತಿದ್ದಾರೆ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಇರೋ ಬಸವಣ್ಣನವರ ಮೂರ್ತಿಗೆ ಓಡಾಡಿದವರೂ ಅವರೇ. 2015ರ ನವೆಂಬರ್ 14ರಂದು ಮೋದಿ ಅನಾವರಣ ಮಾಡಿದರಲ್ಲ, ಅದು. ಮೇಯರ್ ಪಟ್ಟ ಒಂದು ವರ್ಷಕ್ಕೆ ಮುಗಿಯುತ್ತೆ, ಪರಿಚಯ ಮುಗಿಯಲ್ಲ. ನಿಮ್ಮ ಊಟ ಉಂಡು ಹೋದ ಮೇಯರ್ ಮುಂದಿನ ವರ್ಷ ಬರೇ ಕೌನ್ಸಿಲರ್ ಆಗಿ ಅದೇ ಕೌನ್ಸಿಲ್‌ನಲ್ಲಿ ಕೂತಿರ್ತಾರೆ. ಕನ್ನಡ ಶಾಲೆಗೆ ಜಾಗ ಕೇಳೋಕೆ ಹೋದಾಗ ಮುಖ ಗುರುತು ಇದ್ದರೆ ಸಾಕು.

ಬೆಳ್ಳಿಚಮಚ:
ಹಾರದ ವಿಷಯ ಕೇಳಿದ್ದೀರಲ್ಲ, ಅದು ನಾನು ಕಣ್ಣಾರೆ ನೋಡಿದ್ದು. ಊರು, ಸಂಘ ಯಾವುದು ಅಂತ ಬೇಡ. ಕಾರ್ಯಕ್ರಮ ನಾಲ್ಕಕ್ಕೆ ಅಂತ ಕಾರ್ಡಿನಲ್ಲಿತ್ತು. ಮೇಯರ್ ಐದು ನಿಮಿಷ ಮುಂಚೆ ಬಂದರು. ಹಾಲಿನಲ್ಲಿ ಮೈಕ್ ಸರಿಮಾಡುತ್ತಿದ್ದವರು, ಕುರ್ಚಿ ಜೋಡಿಸುತ್ತಿದ್ದವರು, ಸೀರೆಗೆ ಪಿನ್ ಹಾಕಿಕೊಳ್ಳುತ್ತಿದ್ದವರು ಇಷ್ಟೇ. ಪಾಪ ಆ ಹೆಂಗಸು ಮುಕ್ಕಾಲು ಗಂಟೆ ಮುಂದಿನ ಸಾಲಿನಲ್ಲಿ ಒಬ್ಬರೇ ನಗುತ್ತಾ ಕೂತಿದ್ದರು, ಯಾರೋ ಒಂದು ಲೋಟ ಕಾಫಿ ತಂದುಕೊಟ್ಟರು.

ಆಮೇಲೆ ಹಾರ. ಆ ಸರ ಬರೀ ಕತ್ತಿನಲ್ಲಿ ನೇತಾಡಲ್ಲ, ಭಾರ ಇರುತ್ತದೆ, ಜಾರಬಾರದು ಅಂತ ಎರಡೂ ಭುಜಕ್ಕೆ ಪಿನ್ ಹಾಕಿರುತ್ತಾರೆ. ಎದೆಯ ಮೇಲೆ ಊರಿನ ಲಾಂಛನದ ಪದಕ. ನಮ್ಮವರು ಜರಿ ಸುತ್ತಿದ ದೊಡ್ಡ ಗಂಧದ ಹಾರ ಹಾಕಿದರು, ಜರಿ ಎಳೆ ಆ ಪದಕದ ಅಂಚಿಗೆ ಸಿಕ್ಕಿಕೊಂಡಿತು. ತೆಗೆಯೋಕೆ ಹೋದರೆ ಇಡೀ ಸರ ಮೇಲೆ ಬರುತ್ತದೆ. ಜೊತೆಗೆ ಬಂದಿದ್ದ ಸಹಾಯಕ ವೇದಿಕೆ ಹತ್ತಿ, ಜೇಬಿನಿಂದ ಬಿಳಿ ಗ್ಲೌಸ್ ತೆಗೆದು ಹಾಕಿಕೊಂಡು, ಒಂದೊಂದೇ ಎಳೆ ಬಿಡಿಸಿದ. ನಿರೂಪಕಿ ಅಷ್ಟು ಹೊತ್ತೂ ನಾಡು ನುಡಿ ಅಂತ ಮಾತಾಡುತ್ತಲೇ ಇದ್ದಳು, ಅವಳನ್ನು ಮೆಚ್ಚಬೇಕು.

ಅದಕ್ಕೇ ಹಾರ ಬೇಡ. ಮೈಸೂರು ಪೇಟ ತೊಡಿಸಿ, ಫೋಟೋ ಚೆನ್ನಾಗಿ ಬರುತ್ತದೆ. ಶಾಲು ಕೈಗೆ ಕೊಡಿ, ಭುಜಕ್ಕೆ ಬೇಡ. ಬೆಳ್ಳಿ ತಟ್ಟೆ, ದುಬಾರಿ ರೇಷ್ಮೆ ಸೀರೆ ಕೊಟ್ಟು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಹಲವು ಕೌನ್ಸಿಲ್‌ಗಳಲ್ಲಿ 50 ಪೌಂಡ್ ಮೇಲಿನ ಉಡುಗೊರೆಯನ್ನು ಅವರು ಕೌನ್ಸಿಲ್ ರಿಜಿಸ್ಟರಿನಲ್ಲಿ ಬರೆಸಲೇಬೇಕು. ಚನ್ನಪಟ್ಟಣದ ಗೊಂಬೆ ಸಾಕು, ಜೊತೆಗೆ ಮೈಸೂರು ಪಾಕ್.

ದೀಪ ಬೆಳಗಿಸೋ ಮೊದಲು ಹಾಲಿನವರನ್ನು ಕೇಳಿ. ಕೆಲವು ಕಡೆ ಬೆಂಕಿ ಹಚ್ಚೋ ಹಾಗೇ ಇಲ್ಲ. ಅಲಾರಂ ಹೊಡೆದರೆ ಮೇಯರ್ ಸಮೇತ ಎಲ್ಲರೂ ಕಾರ್ ಪಾರ್ಕಿನಲ್ಲಿ.

ಹಳೇಸೇತುವೆ:
ಬೆಳ್ಳಿಚಮಚ ಮೇಡಂ, ಆ ಗ್ಲೌಸ್ ಭಾಗ ಓದಿ ನಕ್ಕು ಸಾಕಾಯಿತು.

ಇಬ್ಬರು ಮೇಯರ್ ಪ್ರಶ್ನೆಗೆ ಉತ್ತರ ಕೊಡೋದು ಮರೆತಿದ್ದೆ. 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ ಬರೋ ಮೇಯರ್‌ಗೆ ತನ್ನ ಬರೋದಲ್ಲಿ ಮೊದಲ ಸ್ಥಾನ, ರಾಜಮನೆತನದವರು ಅಥವಾ ರಾಜರ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಬಂದರೆ ಮಾತ್ರ ಅವರ ನಂತರ. ಎಂಪಿ ಬಂದರೂ ಮೇಯರ್ ಹೆಸರೇ ಮೊದಲು. ಟೌನ್ ಮೇಯರ್ ಅಂದರೆ ಟೌನ್ ಕೌನ್ಸಿಲ್‌ನ ಅಧ್ಯಕ್ಷರು, ಕಾಯ್ದೆಯ ಆ ಮೊದಲ ಸ್ಥಾನ ಅವರಿಗಿಲ್ಲ. ಇಬ್ಬರನ್ನೂ ಕರೆದರೆ ಯಾರ ಸರ ಮುಂದೆ ಅನ್ನೋ ಪಂಚಾಯ್ತಿ ನಿಮ್ಮ ತಲೆಗೆ. ನಾನಾದರೆ ಟೌನ್ ಮೇಯರ್ ಅವರನ್ನೇ ಕರೆಯುತ್ತೇನೆ. ನಿಮ್ಮದು ಸಣ್ಣ ಊರು, ಬರೋ ಮೇಯರ್ ಡೈರಿ ಜಾಸ್ತಿ ತುಂಬಿರುತ್ತೆ, ಇವರು ಬರುತ್ತಾರೆ, ನಿಂತು ಮಾತಾಡುತ್ತಾರೆ. ಅವರಿಗೆ ಆಗದಿದ್ದರೆ ಡೆಪ್ಯುಟಿ ಮೇಯರ್ ಬರ್ತಾರೆ, ಅವರನ್ನು ಅಷ್ಟೇ ಮರ್ಯಾದೆಯಿಂದ ನೋಡಿಕೊಳ್ಳಿ. ಬರ್ಮಿಂಗ್‌ಹ್ಯಾಮಿನ ಭಾರತೀಯ ಕಾನ್ಸುಲೇಟಿನಿಂದ ಯಾರಾದರೂ ಬರೋದಿದ್ದರೆ ಮೇಯರ್ ಆಫೀಸಿಗೆ ಮೊದಲೇ ತಿಳಿಸಿ.

ಮಾತಾಡಿಸುವಾಗ "ಮಿಸ್ಟರ್ ಮೇಯರ್", ಹೆಂಗಸಾದರೆ ಸಾಮಾನ್ಯವಾಗಿ "ಮೇಡಂ ಮೇಯರ್". ಯಾವುದು ಇಷ್ಟ ಅಂತ ಸೆಕ್ರೆಟರಿಯನ್ನೇ ಕೇಳಿ. ಭಾಷಣಕ್ಕೆ ಒಂದು ಪುಟದ ಟಿಪ್ಪಣಿ ಕಳಿಸಿ: 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು, ನಿಮ್ಮ ಊರಿನ ಕನ್ನಡದವರು ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಏನು ಕೆಲಸ ಮಾಡುತ್ತಾರೆ, ಇಷ್ಟು. ಹಳದಿ ಕೆಂಪು ಬಾವುಟ ಯಾವುದು ಅಂತಾನೂ ಬರೆಯಿರಿ. ಇಲ್ಲದಿದ್ದರೆ ಅವರು ದೀಪಾವಳಿ ಬಗ್ಗೆ ಮಾತಾಡಿ ಹೋಗುತ್ತಾರೆ.

ಉಪ್ಪುಗಂಜಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೌನ್ ಮೇಯರ್ ಆಫೀಸಿಗೆ ಇವತ್ತೇ ಬರೆದೆ, ರಿಮೆಂಬ್ರೆನ್ಸ್ ಸಂಡೇ ಬಿಟ್ಟು ಅದರ ಹಿಂದಿನ ಶನಿವಾರ ಕೇಳಿದ್ದೇನೆ. ಕಮಿಟಿಯಲ್ಲಿ ಎಂಪಿಯೇ ಬೇಕು ಅಂದವರೂ ಒಪ್ಪಿದರು, "ಮುಂದಿನ ವರ್ಷ ನೋಡೋಣ" ಅನ್ನೋ ಷರತ್ತಿನ ಮೇಲೆ. ಕೊನೇ ಪ್ರಶ್ನೆ, ಊಟಕ್ಕೆ ಉಳಿಸಿಕೊಳ್ಳಬೇಕಾ? ಮಕ್ಕಳ ಡಾನ್ಸ್ ಮುಗಿಯೋಕೆ ಎಂಟು ಗಂಟೆ ಆಗುತ್ತೆ.

ಬೆಳ್ಳಿಚಮಚ:
ಎಂಟರವರೆಗೆ ಕೂರಿಸಬೇಡಿ, ಅದೇ ಸಂಜೆ ಅವರಿಗೆ ಇನ್ನೊಂದು ಕಾರ್ಯಕ್ರಮ ಇದ್ದರೂ ಇರಬಹುದು. ನಾಡಗೀತೆ, ದೀಪ, ಅವರ ಮಾತು, ಚಿಕ್ಕ ಮಕ್ಕಳ ಒಂದು ಡಾನ್ಸ್, ಆ ಮಕ್ಕಳ ಜೊತೆ ಫೋಟೋ, ಒಂದು ಗಂಟೆಯಲ್ಲಿ ಬಿಟ್ಟುಕೊಡಿ. ವಂದನಾರ್ಪಣೆ ಆಮೇಲೆ ಎಷ್ಟು ಹೊತ್ತು ಬೇಕಾದರೂ ಮಾಡಿಕೊಳ್ಳಿ. ಊಟ ಡಬ್ಬಿಗೆ ಹಾಕಿ ಕಾರಿಗೆ ಕೊಡಿ, ಡ್ರೈವರ್‌ಗೂ ಒಂದು. ಚಿತ್ರಾನ್ನದಲ್ಲಿ ಕಡಲೆಬೀಜ ಇದೆ ಅಂತ ಡಬ್ಬಿ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ, ಅಲರ್ಜಿ ಇದ್ದರೆ ಕಷ್ಟ.