ಹಳ್ಳಿಮನೆಗೆ ಹೊಸ ಟಿವಿ: 43 ಸಾಕಾ, 55 ತಗೊಳ್ಳೋದಾ?

ಅಡಿಕೆತೋಟ:
ಎಲ್ರಿಗೂ ನಮಸ್ಕಾರ. ನಮ್ದು ಸಾಗರದ ಹತ್ರ ಹಳ್ಳಿ. ಮನೇಲಿದ್ದ 32 ಇಂಚಿನ ಟಿವಿ ಮೊನ್ನೆ ಸಿಡಿಲಿಗೆ ಹೋಯ್ತು, ಒಳಗಿನ ಬೋರ್ಡೇ ಸುಟ್ಟಿದೆ, ರಿಪೇರಿಗೆ ಹೊಸದರ ಅರ್ಧ ದುಡ್ಡು ಅಂದ್ರು, ಹಂಗಾಗಿ ಹೊಸದೇ ತರೋದು ಅಂತಾಗಿದೆ. ಬಜೆಟ್ 45 ಸಾವಿರದೊಳಗೆ. ನೋಡೋರು ಮುಖ್ಯವಾಗಿ ಅಪ್ಪ ಅಮ್ಮ. ಅಪ್ಪಂಗೆ ಬೆಳಿಗ್ಗೆಯಿಂದ ನ್ಯೂಸು, ಅಮ್ಮಂಗೆ ಸಂಜೆ ಸೀರಿಯಲ್ಲು, ಎಲ್ಲಾ ಡಿಟಿಎಚ್‌ನಲ್ಲೇ, ಮಾಮೂಲಿ ಎಸ್‌ಡಿ ಪ್ಯಾಕು. ನಾನು ರಜೆಗೆ ಊರಿಗೆ ಹೋದಾಗ ಕ್ರಿಕೆಟ್ಟು ಮತ್ತೆ ಓಟಿಟಿಲಿ ಸಿನಿಮಾ, ಅಷ್ಟೇ. ಫೈಬರ್ ನೆಟ್ ಬಂದಿದೆ, 30 ಎಂಬಿಪಿಎಸ್ ಪ್ಲಾನು. ಟಿವಿ ಇಡೋ ಜಾಗದಿಂದ ಕೂರೋ ಜಾಗಕ್ಕೆ 11 ಅಡಿ ಆಗುತ್ತೆ, ಅಪ್ಪನ ಆರಾಮ ಕುರ್ಚಿ ಮಾತ್ರ ನೇರಕ್ಕಿಲ್ಲ, ಒಂದು ಪಕ್ಕಕ್ಕಿದೆ. ಅವ್ರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ನ್ಯೂಸ್‌ನಲ್ಲಿ ಕೆಳಗೆ ಓಡೋ ಅಕ್ಷರ ಓದೋಕೆ ಕಷ್ಟ ಪಡ್ತಾರೆ, ಅದೇ ನಂಗೆ ಬೇಜಾರು. ಅಂಗಡಿಗೆ ಹೋದ್ರೆ 55 ಇಂಚಿನ 4ಕೆ ತಗೊಳ್ಳಿ ಅಂತಾರೆ, ಇನ್ನೊಬ್ರು 43 ಸಾಕು ಅಂತಾರೆ, ಕ್ಯೂಎಲ್‌ಇಡಿ ಓಎಲ್‌ಇಡಿ ಅಂತ ಇನ್ನೇನೇನೋ ಹೇಳ್ತಾರೆ. ಯಾವುದು ನೋಡ್ಬೇಕು ಯಾವುದು ಬಿಡ್ಬೇಕು, ಗೊತ್ತಿರೋರು ಸ್ವಲ್ಪ ಹೇಳಿ.

ಹುಬ್ಬಳ್ಳಿ_ಪಿಕ್ಸೆಲ್:
ಅಣ್ಣಾರ, ಟಿವಿ ಆಮ್ಯಾಲೆ ನೋಡೂಣು, ಮೊದಲು ನಿಮ್ಮನಿಗೆ ಬರೂ ಸಿಗ್ನಲ್ ಏನು ಅಂತ ನೋಡ್ರಿ. ಎಸ್‌ಡಿ ಚಾನೆಲ್ ಅಂದ್ರ ಚಿತ್ರದಾಗ ಇರೂದು 576 ಗೆರಿ ಅಷ್ಟ. ಎಚ್‌ಡಿ ಚಾನೆಲ್ ಅಂದ್ರ 1080 ಗೆರಿ. 4ಕೆ ಟಿವಿದಾಗ ಮ್ಯಾಲಿಂದ ಕೆಳಗ 2160 ಸಾಲು ಪಿಕ್ಸೆಲ್ ಇರ್ತಾವು, 576 ತಂದು 2160ಕ್ಕ ಹಿಗ್ಗಿಸಿದ್ರ ಇಲ್ಲದ್ದು ಎಲ್ಲಿಂದ ಬರಬೇಕು, ಟಿವಿ ತಾನ ಊಹೆ ಮಾಡಿ ತುಂಬತೈತಿ, ಅದಕ್ಕ ಮುಖ ಎಲ್ಲಾ ಮಸಕ ಮಸಕ ಆಗತಾವು.

ಈಗ ನಿಮ್ಮ 11 ಅಡಿ ಲೆಕ್ಕ ಹೇಳ್ತೀನಿ. ಚಲೋ ಇರೂ ಕಣ್ಣು ಒಂದು ಡಿಗ್ರಿಯೊಳಗ 60ನೇ ಒಂದು ಭಾಗದಷ್ಟು ಸಣ್ಣದನ್ನ ಬಿಡಿಸಿ ನೋಡತೈತಿ, ಅದಕ್ಕಿಂತ ಸಣ್ಣದು ಕಾಣಂಗಿಲ್ಲ. ಆ ಲೆಕ್ಕದಾಗ 43 ಇಂಚಿನ ಪರದೆ ಮ್ಯಾಲೆ ಎಸ್‌ಡಿ ಚಿತ್ರದ ಒರಟುತನ ಸುಮಾರು ಹತ್ತೂವರೆ ಅಡಿ ದಾಟಿದ್ರ ಕಾಣಂಗಿಲ್ಲ. ಅಂದ್ರ 11 ಅಡಿಗೆ ಕೂತವ್ರಿಗೆ 43ರಾಗ ಎಸ್‌ಡಿ ನಡೀತೈತಿ. ಅದ 55 ಇಂಚಿಗೆ ಹೋದ್ರ 13 ಅಡಿ ಮ್ಯಾಲೆ ದೂರ ಬೇಕು, ನಿಮ್ಮಲ್ಲಿ ಅಷ್ಟು ಜಾಗ ಇಲ್ಲ, ಹಂಗಾಗಿ ದೊಡ್ಡ ಟಿವಿ ತಂದ ಮರುದಿನಾನ ಅಮ್ಮಾರು ಹಳೇ ಟಿವಿನ ಚಲೋ ಇತ್ತು ಅಂತಾರ. ಭಾಳ ಮನಿಯೊಳಗ ಇದ ಆಗೂದು, ಟಿವಿದ್ದೇನೂ ತಪ್ಪಿರಂಗಿಲ್ಲ.

ಆದ್ರ ನಾನು 43 ತಗೋರಿ ಅನ್ನಂಗಿಲ್ಲ. ನಿಮ್ಮ ಅಪ್ಪಾರ ಕಣ್ಣಿನ ಸಲುವಾಗಿ ದೊಡ್ಡದ ಬೇಕು. 43 ಇಂಚಿನ ಪರದೆ ಎತ್ತರ 53 ಸೆಂಟಿಮೀಟರ್ ಆಸುಪಾಸು, 55ರದ್ದು 68, ಅಂದ್ರ ಕೆಳಗ ಓಡೂ ಅಕ್ಷರ ಸುಮಾರು ಕಾಲು ಭಾಗ ದೊಡ್ಡದಾಗತಾವು. ಅದಕ್ಕ ನನ್ನ ಮಾತು ಏನಂದ್ರ 55 ತಗೋರಿ, ಅದರ ಜೋಡಿ ಡಿಟಿಎಚ್ ಪ್ಯಾಕ್ ಎಚ್‌ಡಿಗೆ ಬದಲ ಮಾಡ್ರಿ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಎಲ್ಲಾದಕ್ಕೂ ಎಚ್‌ಡಿ ಚಾನೆಲ್ ಅದಾವು, ಅಮ್ಮಾರು ನೋಡೂ ಎರಡು ಮೂರು ಚಾನೆಲ್ ಅಷ್ಟ ಎಚ್‌ಡಿ ಮಾಡಿಸಿದ್ರೂ ಸಾಕು. ಬಾಕ್ಸ್ ಎಚ್‌ಡಿದ್ದು ಐತಿಲ್ಲೋ ನೋಡ್ರಿ, ಇದ್ರೂ ಅದನ್ನ ಕೆಂಪು ಬಿಳಿ ಹಳದಿ ವೈರಿನಾಗ ಜೋಡಿಸಿದ್ರ ಎಚ್‌ಡಿ ಬರಂಗಿಲ್ಲ, ಎಚ್‌ಡಿಎಂಐ ಕೇಬಲ್‌ನ ಹಾಕಬೇಕು, ಬಾಕ್ಸ್ ಸೆಟ್ಟಿಂಗ್ಸ್‌ದಾಗ ಔಟ್‌ಪುಟ್ 1080 ಇಡಬೇಕು.

4ಕೆ ಬೇಕೋ ಬ್ಯಾಡೋ ಅಂತ ತಲಿ ಕೆಡಿಸ್ಕೋಬ್ಯಾಡ್ರಿ, 55ರಾಗ ಈಗ ಸಿಗೂದೆಲ್ಲಾ 4ಕೆನ. 11 ಅಡಿಗೆ ಕೂತ್ರ 55 ಇಂಚಿನಾಗ ಫುಲ್ ಎಚ್‌ಡಿಗೂ 4ಕೆಗೂ ಕಣ್ಣಿಗೆ ಫರಕ್ ತಿಳಿಯಂಗಿಲ್ಲ. ಅದರ ಸಲುವಾಗಿ ಹೆಚ್ಚಿಗಿ ರೊಕ್ಕ ಕೊಡಬ್ಯಾಡ್ರಿ, ಅಷ್ಟ.

ಪುತ್ತೂರಿನವ:
ಮೇಲಿನವರು ಹೇಳಿದ್ದು ಸರಿ ಉಂಟು. ನಾನು ಪ್ಯಾನೆಲ್, ಅಂದ್ರೆ ಚಿತ್ರ ಮೂಡುವ ಪರದೆ, ಅದರ ಬಗ್ಗೆ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ನಿಮ್ಮ ಅಪ್ಪ ಪಕ್ಕದಲ್ಲಿ ಕೂತ್ಕೊಳ್ಳೋದು ಅಂತ ಬರೆದಿದ್ದೀರಿ, ಅದು ದೊಡ್ಡ ವಿಷಯ ಮಾರಾಯ್ರೆ. ಈ ಬೆಲೆಯಲ್ಲಿ ಬರುವ ಟಿವಿಗಳಲ್ಲಿ ಐಪಿಎಸ್ ಮತ್ತೆ ವಿಎ ಅಂತ ಎರಡು ಜಾತಿ ಉಂಟು. ವಿಎಯಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿ ಕಾಣ್ತದೆ, ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡ್ಲಿಕ್ಕೆ ಅದೇ ಚಂದ, ಆದ್ರೆ ಪಕ್ಕದಿಂದ ನೋಡಿದ್ರೆ ಬಣ್ಣ ಬಿಳಚಿಕೊಳ್ತದೆ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ಹೋಗ್ತದೆ, ಆದ್ರೆ ಯಾವ ಮೂಲೆಯಿಂದ ನೋಡಿದ್ರೂ ಬಣ್ಣ ಹಾಗೆಯೇ ಇರ್ತದೆ. ನಿಮ್ಮ ಮನೆಗೆ ನಾನಾದ್ರೆ ಐಪಿಎಸ್ ಹೇಳುವುದು. ಡಬ್ಬದ ಮೇಲೆ ಇದನ್ನು ಹೆಚ್ಚಾಗಿ ಬರೆದಿರುವುದಿಲ್ಲ, ಒಂದೇ ಮಾಡೆಲ್‌ನಲ್ಲೂ ಸೈಜ್ ಬದಲಾದ್ರೆ ಪ್ಯಾನೆಲ್ ಬದಲಾಗುವುದುಂಟು. ಅಂಗಡಿಯಲ್ಲಿ ನೀವೇ ಟಿವಿಯ ಪಕ್ಕಕ್ಕೆ ಸರಿದು ಅಪ್ಪ ಕೂರುವ ಕೋನದಲ್ಲಿ ನಿಂತು ನೋಡಿ, ಮನುಷ್ಯರ ಮುಖದ ಬಣ್ಣ ಪೇಲವ ಆದ್ರೆ ಅದು ನಿಮಗಲ್ಲ.

ಇನ್ನೊಂದು, ಅಂಗಡಿಯವರು ಹಾಕುವ ಡೆಮೊ ವಿಡಿಯೊ ನೋಡಿ ಮರುಳಾಗ್ಬೇಡಿ, ಹೂವು ಹಕ್ಕಿ ಜಲಪಾತ ಎಲ್ಲ ಯಾವ ಟಿವಿಯಲ್ಲೂ ಚಂದವೇ. ಡಿಟಿಎಚ್ ಹಾಕಿ ಒಂದು ಕನ್ನಡ ನ್ಯೂಸ್ ಚಾನೆಲ್ ತೋರಿಸಿ ಅಂತ ಕೇಳಿ, ಪಿಕ್ಚರ್ ಮೋಡ್ ವಿವಿಡ್‌ನಿಂದ ಸ್ಟಾಂಡರ್ಡ್‌ಗೆ ತರ್ಲಿಕ್ಕೆ ಹೇಳಿ, ಆಗ ನಿಜ ಗೊತ್ತಾಗ್ತದೆ.

ಕ್ಯೂಎಲ್‌ಇಡಿ ಅಂದ್ರೆ ಅದೂ ಮಾಮೂಲಿ ಟಿವಿಗಳ ಹಾಗೆ ಎಲ್‌ಸಿಡಿಯೇ, ಹಿಂದಿನ ಲೈಟಿನ ಎದುರು ಕ್ವಾಂಟಮ್ ಡಾಟ್ ಅನ್ನುವ ಒಂದು ಪದರ ಇರ್ತದೆ, ಬಣ್ಣ ಸ್ವಲ್ಪ ಹೆಚ್ಚು ಗಾಢ ಬರ್ತದೆ. ಸಿಕ್ಕಿದ್ರೆ ಒಳ್ಳೆಯದು, ಇಲ್ಲದಿದ್ರೂ ನಷ್ಟ ಇಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವುದು, ಚಿತ್ರ ಅದ್ಭುತ, ಆದ್ರೆ ನಿಮ್ಮ ಬಜೆಟಿಗೆ ಬರುವುದಿಲ್ಲ, ಬಂದ್ರೂ ಬೇಡ ಹೇಳ್ತಿದ್ದೆ. ದಿನವಿಡೀ ನ್ಯೂಸ್ ಹಾಕಿದ್ರೆ ಚಾನೆಲಿನ ಲೋಗೊ, ಕೆಳಗಿನ ಪಟ್ಟಿ ಕಾಲಕ್ರಮೇಣ ಪರದೆ ಮೇಲೆ ಅಚ್ಚೊತ್ತಿ ಉಳಿಯುವ ಅಪಾಯ ಅದರಲ್ಲುಂಟು.

ಅಡಿಕೆತೋಟ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಎಸ್‌ಡಿ ಎಚ್‌ಡಿ ವಿಷಯ ಯಾವ ಅಂಗಡಿಯವ್ರೂ ಹೇಳಿರ್ಲಿಲ್ಲ. ನಮ್ ಬಾಕ್ಸ್ ಹಳೇದು, ಎಸ್‌ಡಿದೇ ಇರ್ಬೇಕು, ಅಮ್ಮಂಗೆ ಫೋನ್ ಮಾಡಿ ಹಿಂದೆ ಎಚ್‌ಡಿಎಂಐ ತೂತು ಇದ್ಯಾ ಅಂತ ಫೋಟೊ ತೆಗೆದು ಕಳ್ಸೋಕೆ ಹೇಳ್ತೀನಿ. ಈಗ ನನ್ನ ದೊಡ್ಡ ಚಿಂತೆ ಸಿಡಿಲು. ಮತ್ತೆ ಹೊಸದು ತಂದು ಅದೂ ಹೋದ್ರೆ ಏನ್ ಮಾಡೋದು. ಸ್ಟೆಬಿಲೈಸರ್ ಹಾಕಿದ್ರೆ ಆಗುತ್ತಾ? ಇನ್ನೊಂದು, ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರ ಕಮ್ಮಿ ತೋರಿಸ್ತಿದೆ, ಅಲ್ಲೇ ಬುಕ್ ಮಾಡ್ಬೋದಾ?

ದಾವಣಗೆರೆ_ರಿಪೇರಿ:
ಸಾರ್ ನಾನು ಟಿವಿ ರಿಪೇರಿ ಕೆಲ್ಸ ಮಾಡೋನು, ಇದಕ್ಕೆ ನಾನು ಹೇಳ್ತೀನಿ. ಸ್ಟೆಬಿಲೈಸರ್ ಸಿಡಿಲಿಗಲ್ಲ. ಈಗಿನ ಟಿವಿಗಳ ಹಿಂದೆ ಲೇಬಲ್ ನೋಡಿ, ಬಹಳಷ್ಟಕ್ಕೆ 100ರಿಂದ 240 ವೋಲ್ಟ್ ಅಂತ ಇರುತ್ತೆ, ವೋಲ್ಟೇಜ್ ಕಮ್ಮಿ ಆದ್ರೆ ಅದೇ ಸುಧಾರಿಸ್ಕೊಳ್ಳುತ್ತೆ. ಸಿಡಿಲು ಬಂದಾಗ ಲೈನಲ್ಲಿ ಕ್ಷಣಮಾತ್ರಕ್ಕೆ ಸಾವಿರಾರು ವೋಲ್ಟ್ ನುಗ್ಗುತ್ತೆ, ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಅಂತ ಬೇರೆ ಬರುತ್ತೆ, ಅದು ಕೆಲ್ಸ ಮಾಡ್ಬೇಕು ಅಂದ್ರೆ ಮನೆ ಅರ್ತಿಂಗ್ ಸರಿ ಇರ್ಬೇಕು. ಹತ್ರದಲ್ಲೇ ಬಡಿದ್ರೆ ಅದೂ ತಡೆಯಲ್ಲ. ಗ್ಯಾರಂಟಿ ಅಂತ ಇರೋದು ಪ್ಲಗ್ ಕಿತ್ತಿಡೋದು ಒಂದೇ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಅದೂ ಗುಡುಗು ದೂರ ಕೇಳಿಸ್ದಾಗ್ಲೇ ಕೀಳ್ಬೇಕು, ನೆತ್ತಿ ಮೇಲೆ ಬಂದಮೇಲೆ ವೈರು ಪ್ಲಗ್ಗು ಮುಟ್ಟೋಕೆ ಹೋಗ್ಬಾರ್ದು, ಅಪ್ಪ ಅಮ್ಮಂಗೆ ಇದನ್ನ ಒತ್ತಿ ಹೇಳಿ. ಏಪ್ರಿಲ್ ಮೇ ತಿಂಗಳ ಮಳೆ, ಆಮೇಲೆ ಅಕ್ಟೋಬರ್ ಮಳೆ, ಈ ಎರಡು ಕಾಲದಲ್ಲಿ ರಾತ್ರಿ ಮಲಗೋ ಮುಂಚೆ ಕಿತ್ತಿಡೋ ಅಭ್ಯಾಸ ಆದ್ರೆ ಒಳ್ಳೇದು.

ಕರೆಂಟ್ ಪ್ಲಗ್ ಒಂದೇ ಕಿತ್ರೆ ಆಗಲ್ಲ ಸಾರ್. ಡಿಶ್ಶಿಂದ ಬರೋ ಕೇಬಲ್ಲು ಬಾಕ್ಸಿಗೆ ಬಂದು ಅಲ್ಲಿಂದ ಎಚ್‌ಡಿಎಂಐಲಿ ಟಿವಿಗೆ ಹೊಡೆಯುತ್ತೆ, ಎಚ್‌ಡಿಎಂಐ ಪೋರ್ಟ್ ಸುಟ್ಟು ಬರೋ ಟಿವಿ ಮಳೆಗಾಲದ ಮುಂಚೆ ನಮ್ಮ ಹತ್ರ ಬಹಳ ಬರ್ತವೆ. ಆ ಕೇಬಲ್ಲೂ ಬಿಚ್ಚಿಡ್ಬೇಕು. ನಿಮ್ದು ಫೈಬರ್ ಅಂದ್ರಿ, ಅದು ಗಾಜಿನ ಎಳೆ, ಅದ್ರೊಳಗೆ ಕರೆಂಟ್ ಹರಿಯಲ್ಲ, ಆದ್ರೆ ಆ ಮೋಡೆಮ್ಮಿನ ಅಡಾಪ್ಟರ್ ಕರೆಂಟಿಗೇ ಹಾಕಿರ್ತೀವಲ್ಲ, ಅಲ್ಲಿಂದ ಟಿವಿಗೆ ಲ್ಯಾನ್ ವೈರ್ ಎಳೆದಿದ್ರೆ ಅದೂ ಒಂದು ದಾರಿ. ಟಿವಿಗೆ ವೈಫೈನೇ ಇಡಿ. 4ಕೆ ಸಿನಿಮಾಗೆ ನೆಟ್‌ಫ್ಲಿಕ್ಸ್‌ನವ್ರು ಕೇಳೋದು 15 ಎಂಬಿಪಿಎಸ್, ನಿಮ್ಮ 30ರಲ್ಲಿ ಆರಾಮಾಗಿ ಬರುತ್ತೆ.

ಆನ್‌ಲೈನೋ ಅಂಗಡಿಯೋ ಅನ್ನೋದಕ್ಕೆ ನನ್ನ ಅಭಿಪ್ರಾಯ ಕೇಳಿದ್ರೆ ನಿಮ್ಮಂತ ಜಾಗಕ್ಕೆ ಅಂಗಡಿನೇ. ಟಿವಿಲಿ ಪ್ಯಾನೆಲ್ಲೇ ಮುಕ್ಕಾಲು ದುಡ್ಡು, ದಾರಿಲಿ ಒಂದು ಏಟು ಬಿದ್ದು ಒಳಗೆ ಬಿರುಕು ಬಿಟ್ರೆ ಅದು ಕಸಕ್ಕೇ. ಅಂಗಡಿಯವನು ಮನೆಗೆ ತಂದು ಡಬ್ಬ ಬಿಚ್ಚಿ ಆನ್ ಮಾಡಿ ತೋರಿಸಿ ಹೋಗ್ತಾನೆ. ಆನ್‌ಲೈನೇ ಮಾಡೋದಾದ್ರೆ ಡಬ್ಬ ಬಿಚ್ಚೋದು ಪೂರ್ತಿ ವಿಡಿಯೊ ಮಾಡಿ, ಪರದೆ ಬೆಳಗೋವರೆಗೂ ನಿಲ್ಲಿಸ್ಬೇಡಿ. ಯಾವ ಕಂಪನಿ ಅನ್ನೋದಕ್ಕಿಂತ ನಿಮ್ಮ ಪಿನ್‌ಕೋಡ್‌ಗೆ ಅವ್ರ ಮೆಕ್ಯಾನಿಕ್ ಮನೆಗೇ ಬರ್ತಾನಾ, ಇಲ್ಲ ಟಿವಿನ ಶಿವಮೊಗ್ಗಕ್ಕೆ ಹೊತ್ಕೊಂಡು ಹೋಗ್ಬೇಕಾ, ಅದನ್ನ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿ, ಆಮೇಲೆ ಕಂಪನಿ ಆರಿಸಿ. ವಾರಂಟಿ ಕಾಗದ ಓದಿ, ಸಿಡಿಲಿಗೆ ಹೋದ್ರೆ ಸಾಮಾನ್ಯವಾಗಿ ವಾರಂಟಿ ಇರಲ್ಲ.

ರೇಟ್ ವಿಷಯದಲ್ಲಿ ಒಂದು ಒಳ್ಳೇದಾಗಿದೆ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಬಿಲ್ಲಲ್ಲಿ 18 ಹಾಕಿದಾರಾ ನೋಡ್ಕೊಳ್ಳಿ.

ಬ್ಯಾಕ್‌ಲೈಟ್, ಅಂದ್ರೆ ಪರದೆ ಹಿಂದಿರೋ ಎಲ್‌ಇಡಿ ಲೈಟು, ಅದ್ರ ಬಗ್ಗೆ ಒಂದು ಮಾತು. ತಂದ ದಿನಾನೇ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕ್‌ಲೈಟ್ 100ರಲ್ಲಿದ್ರೆ 60–70ಕ್ಕೆ ಇಳಿಸಿ. ದಿನವಿಡೀ ಓಡೋ ಟಿವಿಲಿ ಮೊದಲು ಹೋಗೋದು ಆ ಎಲ್‌ಇಡಿ ಪಟ್ಟಿನೇ, ಸೌಂಡ್ ಬರ್ತಿದೆ ಚಿತ್ರ ಇಲ್ಲ ಅಂತ ಬರೋದೆಲ್ಲ ಹೆಚ್ಚಾಗಿ ಅದೇ ಕೇಸು. ಅಪ್ಪಂಗೆ ಕಣ್ಣಿಗೂ ಹಿತ ಆಗುತ್ತೆ.

ಅಡಿಕೆತೋಟ:
ಡಿಶ್ ಕೇಬಲ್ ಬಿಚ್ಚಿಡೋದು ನಮ್ಮನೇಲಿ ಯಾರೂ ಮಾಡ್ತಿರ್ಲಿಲ್ಲ, ಅಲ್ಲಿಂದ್ಲೇ ಬಂದಿರ್ಬೋದು ಹಾಗಾದ್ರೆ. ಅಮ್ಮ ಫೋಟೊ ಕಳ್ಸಿದ್ರು, ಬಾಕ್ಸು ಎಸ್‌ಡಿದೇ, ಹೊಸ ಎಚ್‌ಡಿ ಬಾಕ್ಸಿಗೆ ಹೇಳಿದೀನಿ. 55 ಅಂತ ಫಿಕ್ಸು, ಸಾಗರದಲ್ಲೇ ಅಂಗಡಿಲಿ ಪಕ್ಕದಿಂದ ನಿಂತು ನೋಡಿ ತಗೋತೀನಿ. ಎರಡು ಪ್ರಶ್ನೆ ಉಳೀತು. ಗೋಡೆ ಹಳೇ ಮಣ್ಣಿನ ಗೋಡೆ, ಮೇಲೆ ಗಾರೆ. ಟಿವಿ ನೇತುಹಾಕ್ಬೋದಾ? ಮತ್ತೆ ಅಮ್ಮಂಗೆ ಮಾತು ಸರಿಯಾಗಿ ಕೇಳಲ್ಲ, ಬರೀ ಮ್ಯೂಸಿಕ್ಕೇ ಜೋರು ಅಂತಾರೆ.

ಪುತ್ತೂರಿನವ:
ಹೊಸ ಟಿವಿಗಳಲ್ಲಿ ಸ್ಪೀಕರ್ ಕೆಳಮುಖ ಇರ್ತದೆ, ಅದಕ್ಕೆ ಮಾತು ಅಸ್ಪಷ್ಟ. ಮೊದಲು ಸೌಂಡ್ ಮೋಡ್‌ನಲ್ಲಿ ನ್ಯೂಸ್ ಅಥವಾ ವಾಯ್ಸ್ ಅಂತ ಉಂಟಾ ನೋಡಿ, ಅದರಲ್ಲೇ ಬಹಳಷ್ಟು ಸರಿ ಆಗ್ತದೆ. ಆಗದಿದ್ರೆ ಮುಂದೆ ಒಂದು ಚಿಕ್ಕ ಸೌಂಡ್‌ಬಾರ್ ಹಾಕುವ, ಟಿವಿಯಲ್ಲಿ ಎಆರ್‌ಸಿ ಅಂತ ಬರೆದ ಎಚ್‌ಡಿಎಂಐ ಪೋರ್ಟ್‌ಗೆ ಕೊಟ್ರೆ ಅಮ್ಮನಿಗೆ ಟಿವಿ ರಿಮೋಟ್ ಒಂದೇ ಸಾಕು, ಎರಡೆರಡು ಹಿಡ್ಕೊಳ್ಳುವುದು ಬೇಡ.

ದಾವಣಗೆರೆ_ರಿಪೇರಿ:
ಮಣ್ಣಿನ ಗೋಡೆಗೆ ಬೇಡ ಸಾರ್. 55 ಇಂಚಿನದು ಸುಮಾರು 12ರಿಂದ 17 ಕೆಜಿ ತೂಗುತ್ತೆ, ಮಣ್ಣಲ್ಲಿ ಬೋಲ್ಟ್ ಹಿಡಿಯಲ್ಲ, ಮಳೆಗಾಲದಲ್ಲಿ ಗೋಡೆ ಥಂಡಿ ಹಿಡಿದ್ರೆ ಇನ್ನೂ ಸಡಿಲ. ಮೇಜಿನ ಮೇಲೇ ಇಡಿ. ಆದ್ರೆ ಮೇಜು ಅಳೆದು ಹೋಗಿ, 55ರಲ್ಲಿ ಕೆಲವಕ್ಕೆ ಎರಡು ಕಾಲು ಎರಡು ತುದಿಗಿರುತ್ತೆ, ಮೂರಡಿ ಮೇಲೇ ಅಂತರ ಬರುತ್ತೆ, 32 ಇಂಚಿನ ಹಳೇ ಮೇಜಲ್ಲಿ ಕೂರಲ್ಲ. ಕೂತಾಗ ಪರದೆ ಮಧ್ಯಭಾಗ ಅಪ್ಪನ ಕಣ್ಣಿನ ಮಟ್ಟಕ್ಕೆ ಬರ್ಲಿ. ಗೋಡೆಗೆ ಒರಗಿಸ್ಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ, ಗಾಳಿನೂ ಆಡುತ್ತೆ, ಪ್ಲಗ್ ಕೀಳೋಕೆ ಕೈನೂ ಹೋಗುತ್ತೆ. ಟಿವಿ ಬರೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಚೆಕ್ ಮಾಡ್ಸಿ, ಗುಂಡಿ ಒಣಗಿದ್ರೆ ಉಪ್ಪು ಇದ್ದಿಲು ಹಾಕ್ಸಿ ನೀರು ಬಿಡ್ಸಿ.