ನನ್ನ ನೋಟ್ಸ್ ಸೈಟನ್ನು ಕಣ್ಣು ಕಾಣದವರು ಹೇಗೆ ಓದುತ್ತಾರೆ?

ನೋಟ್ಸ್‌ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಫ್‌ಡಿಎ, ಎಸ್‌ಡಿಎ, ಪಿಡಿಒ ಥರದ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುವವರಿಗೆ ಅಂತ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತೇನೆ. ಮೊನ್ನೆ ಒಬ್ಬ ಹುಡುಗ ಮೇಲ್ ಹಾಕಿದ್ದ: "ಸರ್, ನನಗೆ ಕಣ್ಣು ಕಾಣಲ್ಲ. ನಿಮ್ಮ ಸೈಟಲ್ಲಿ ಬೇಕಾದ ಪಾಠ ಹುಡುಕೋದೇ ಕಷ್ಟ. ಪಿಡಿಎಫ್ ಅಂತೂ ಒಂದಕ್ಷರ ಅರ್ಥ ಆಗ್ತಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಪಿಡಿಎಫ್ ಸ್ಕ್ಯಾನ್ ಮಾಡಿದ್ದಲ್ಲ, ನಾನೇ ಕೂತು ಟೈಪ್ ಮಾಡಿದ್ದು. ಕನ್ನಡ ಸ್ಪಷ್ಟವಾಗಿ ಕಾಣುತ್ತದೆ. ಸ್ಕ್ರೀನ್ ರೀಡರ್ ಅಂದರೆ ಪರದೆಯ ಮೇಲಿರುವುದನ್ನು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿಕೊಂಡು ಹೋಗುವ ಸಾಫ್ಟ್‌ವೇರ್ ತಾನೆ? ಬಳಸುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉಣಕಲ್ಲಿನವಳು, ಹುಬ್ಬಳ್ಳಿ

ಮೇಷ್ಟ್ರೇ, ನಾನು ಹುಟ್ಟಿನಿಂದ ಕಣ್ಣು ಕಾಣದವಳು. ಈಗ ಬ್ಯಾಂಕಿನಲ್ಲಿದ್ದೇನೆ. ಇಂಥ ನೋಟ್ಸ್‌ಗಾಗಿ ನಾನೂ ಸಾಕಷ್ಟು ಅಲೆದಿದ್ದೇನೆ, ಹಾಗಾಗಿ ಉತ್ತರ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಮೊದಲು ಪಿಡಿಎಫ್. ನೀವು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ, ಅಲ್ವಾ? ಅದರಲ್ಲಿ ಪರದೆಯ ಮೇಲೆ ಕಾಣುವುದು ಮಾತ್ರ ಕನ್ನಡ. ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ನುಡಿಯಲ್ಲಿ 'ಕನ್ನಡ' ಅಂತ ಬರೆದರೆ ಒಳಗೆ ಕೂತಿರುವುದು ಒಂದು ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ಒಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಹಾಕಿದ ಎ. ಸ್ಕ್ರೀನ್ ರೀಡರ್ ಅಕ್ಷರದ ಆಕಾರ ನೋಡುವುದಿಲ್ಲ, ಒಳಗೆ ಏನಿದೆಯೋ ಅದನ್ನೇ ಓದುತ್ತದೆ. ರೂಪಾಯಿ ಮೌಲ್ಯದ ಪಾಠ ಕೇಳೋಣ ಅಂತ ಕೂತರೆ ಬರೀ ಪೌಂಡು, ಪೌಂಡು! ಯೂನಿಕೋಡ್‌ಗೆ ಬದಲಿಸಿ, ಅದರಲ್ಲಿ ಫೈಲಿನ ಒಳಗೂ ಕನ್ನಡ ಅಕ್ಷರವೇ ಇರುತ್ತದೆ. ಅದಕ್ಕೆ ಉಚಿತ ಕನ್ವರ್ಟರ್‌ಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಸರಿ ಬಂದಿದೆಯಾ ಅಂತ ಒಮ್ಮೆ ಕಣ್ಣಾಡಿಸಿ. ಸಾಧ್ಯವಾದರೆ ಪಿಡಿಎಫ್ ಜೊತೆಗೆ ಅದೇ ಪಾಠವನ್ನು ವೆಬ್ ಪುಟದಲ್ಲೂ ಹಾಕಿ. ನಮಗೆ ಅದೇ ಸಲೀಸು.

ಇನ್ನು, ಮೇಲಿಂದ ಕೆಳಗೆ ಓದುತ್ತೇವೆ ಅಂದಿರಿ. ನೀವು ಪೇಪರನ್ನು ಹಾಗೆ ಓದುತ್ತೀರಾ? ದಪ್ಪಕ್ಷರದ ಮೇಲೆ ಕಣ್ಣು ಹಾಯಿಸಿ ಬೇಕಾದಲ್ಲಿ ನಿಲ್ಲುತ್ತೀರಿ. ನಾವೂ ಅಷ್ಟೇ. ನಾನು ಬಳಸುವುದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣುವುದಿಲ್ಲ. ಪೂರ್ತಿ ಉಚಿತ, ಕನ್ನಡ ದನಿಯೂ ಇದೆ. ಪುಟ ತೆರೆದ ತಕ್ಷಣ ಎಚ್ ಒತ್ತುತ್ತೇನೆ, ಮುಂದಿನ ಶೀರ್ಷಿಕೆಗೆ ಹಾರುತ್ತದೆ. ಕೆ ಒತ್ತಿದರೆ ಲಿಂಕ್, ಟಿ ಒತ್ತಿದರೆ ಟೇಬಲ್. ಈಗಷ್ಟೇ ನಿಮ್ಮ ಇತಿಹಾಸದ ಪುಟಕ್ಕೆ ಹೋಗಿ ಎಚ್ ಒತ್ತಿದೆ. "ಮುಂದೆ ಶೀರ್ಷಿಕೆ ಇಲ್ಲ" ಅಂದಿತು. 'ಕದಂಬರು', 'ಗಂಗರು' ಅಂತ ನೀವು ಬರೆದಿರುವುದು ಬರೀ ಬೋಲ್ಡ್ ಮಾಡಿ ದೊಡ್ಡದು ಮಾಡಿದ ಅಕ್ಷರ. ಅದು ಕಣ್ಣಿಗೆ ಶೀರ್ಷಿಕೆ, ನನಗೆ ಇನ್ನೊಂದು ಸಾಲು. ಎಡಿಟರ್‌ನಲ್ಲಿ 'ಹೆಡಿಂಗ್ 2' ಆರಿಸಿದರೆ ಮುಗಿಯಿತು.

ಲಿಂಕ್‌ಗಳನ್ನು ಪಟ್ಟಿ ಮಾಡಿ ಕೇಳಿದೆ: ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ. ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವ ಹಾಗೆ ಬರೆಯಿರಿ ಸರ್.

ಅಣಕು ಪರೀಕ್ಷೆ ಇನ್ನೂ ಮಜವಾಗಿದೆ. ಪ್ರಶ್ನೆ ಓದುತ್ತದೆ. ಉತ್ತರ ಆರಿಸುವ ದುಂಡು ಗುಂಡಿಗೆ ಬಂದರೆ "ರೇಡಿಯೊ ಬಟನ್, ಆಯ್ಕೆ ಆಗಿಲ್ಲ" ಅನ್ನುತ್ತದೆ, ಕೆಳಗಿನದಕ್ಕೆ ಹೋದರೂ ಅದೇ ಮಾತು. ಯಾವ ಬಟನ್ ಕದಂಬರು, ಯಾವುದು ಗಂಗರು? ಆಯ್ಕೆಯ ಪಠ್ಯವನ್ನು ಬಟನ್‌ಗೆ ಲೇಬಲ್ ಆಗಿ ಜೋಡಿಸಿಲ್ಲ. ಅಷ್ಟರಲ್ಲಿ ಟೈಮರ್ ಬೇರೆ ಓಡುತ್ತಿರುತ್ತದೆ!

ನೀವೇ ನೋಡಬೇಕಾ? ಎನ್‌ವಿಡಿಎ ಹಾಕಿಕೊಳ್ಳಿ. ಅದರ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ, ಅದು ಹೇಳುವುದೆಲ್ಲ ಅಕ್ಷರದಲ್ಲಿ ಕಾಣುತ್ತದೆ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಕೂಡ ಪ್ರಯತ್ನಿಸಬಹುದು, ಆದರೆ ಆನ್ ಮಾಡುವ ಮೊದಲು ಆಫ್ ಮಾಡುವುದು ಹೇಗೆ ಅಂತ ಕಲಿತುಕೊಳ್ಳಿ. ಅದು ಆನ್ ಆದರೆ ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ ಅಷ್ಟೇ, ಎರಡು ಸಲ ತಟ್ಟಿದರೇ ತೆರೆಯುವುದು. ನಮ್ಮ ಆಫೀಸಿನವರೊಬ್ಬರು ಕುತೂಹಲಕ್ಕೆ ಆನ್ ಮಾಡಿ, ಫೋನ್ ಕೆಟ್ಟಿತು ಅಂತ ರಿಪೇರಿಗೆ ಹೊರಟಿದ್ದರು.

ಕೋಡ್‌ಕಟ್ಟೆ

ಅಕ್ಕ ಎಲ್ಲ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ಸೈಟಿನ ಭಾಷೆ ಇಂಗ್ಲಿಷ್ ಅಂತಲೇ ಬಿಟ್ಟಿದ್ದೀರಿ. ಹಾಗಿದ್ದರೆ ಸ್ಕ್ರೀನ್ ರೀಡರ್ ಕನ್ನಡ ಪಠ್ಯವನ್ನು ಇಂಗ್ಲಿಷ್ ದನಿಗೆ ಒಪ್ಪಿಸಬಹುದು. ಕೆಲವು ದನಿಗಳು ಕನ್ನಡ ಅಕ್ಷರವನ್ನು ಸುಮ್ನೆ ಹಾರಿಸಿಬಿಡುತ್ತವೆ. ಸೈಟ್ ಮಾಡಿದ್ದು ವರ್ಡ್‌ಪ್ರೆಸ್‌ನಲ್ಲಿ ಆದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಲ್ಯಾಂಗ್ವೇಜ್ ಅನ್ನು ಕನ್ನಡ ಮಾಡಿ.

ಶಿರಸಿ ಮಾಣಿ

ನಾನು ಸ್ಕ್ರೀನ್ ರೀಡರ್ ಬಳಸುವವನಲ್ಲ. ಅಪಘಾತ ಆದ ಮೇಲೆ ಬೆರಳಿಗೆ ಬಲ ಇಲ್ಲ, ಮೌಸ್ ಹಿಡಿಯಲು ಆಗುವುದಿಲ್ಲ, ಟ್ಯಾಬ್ ಕೀಲಿಯಲ್ಲೇ ಓಡಾಟ. ಟ್ಯಾಬ್ ಒತ್ತಿದಾಗ ಈಗ ಎಲ್ಲಿದ್ದೇನೆ ಅಂತ ತೋರಿಸುವ ಚೌಕ ಇರುತ್ತದಲ್ಲ, ನಿಮ್ಮ ಸೈಟಿನ ಥೀಮ್ (ವಿನ್ಯಾಸ) ಅದನ್ನು ತೆಗೆದುಹಾಕಿದೆ. ಅಂದಕ್ಕೆ ಅಂತ ತೆಗೆದಿರಬೇಕು. ಅದನ್ನು ವಾಪಸ್ ತರಿಸಿ ಮಾರಾಯ್ರೆ.

ಬಿಂದಾಸ್ ಬಸ್ಯಾ

ಬೇಜಾರಾಗಬೇಡಿ, ಸುಮ್ನೆ ಕೇಳ್ತೀನಿ. ಇಂಥ ಸೈಟಿಗೆ ಬರುವ ಅಂಧರು ಎಷ್ಟು ಜನ? ಒಬ್ಬ ಮೇಷ್ಟ್ರು ಇಷ್ಟೆಲ್ಲ ಮಾಡಬೇಕಾ?

ಉಣಕಲ್ಲಿನವಳು, ಹುಬ್ಬಳ್ಳಿ

ಬಸ್ಯಾ ಅವರೇ, ಬೇಜಾರೇನಿಲ್ಲ. ಮೇಷ್ಟ್ರು ಪಾಠ ಮಾಡುವುದು ಸರ್ಕಾರಿ ಹುದ್ದೆಗಳಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಕೆಲಸಕ್ಕೆ ಕನಿಷ್ಠ ಶೇ. 4 ಮೀಸಲಾತಿ ಇದೆ, ಅದರಲ್ಲಿ ಶೇ. 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಅಂದರೆ ಪರೀಕ್ಷೆಗೆ ನಾವು ಕೂರುತ್ತೇವೆ, ನೋಟ್ಸ್ ಮಾತ್ರ ಇಲ್ಲ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಕೇಸಿನಲ್ಲಿ ಡಿಜಿಟಲ್ ಸೇವೆ ತಲುಪುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿದೆ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದರೆ ಆಸಿಡ್ ದಾಳಿಯಲ್ಲಿ ಕಣ್ಣಿಗೆ ಹಾನಿಯಾದವರು ಏನು ಮಾಡಬೇಕು ಅನ್ನುವುದು ಅಲ್ಲಿನ ಪ್ರಶ್ನೆ. ಕಾನೂನು ಬದಿಗಿರಲಿ. ಯೂನಿಕೋಡ್ ಮಾಡಿದರೆ ಮೇಷ್ಟ್ರ ಪಾಠ ಗೂಗಲ್ ಹುಡುಕಾಟದಲ್ಲೂ ಸಿಗುತ್ತದೆ. ಈಗ ಆ ಪಿಡಿಎಫ್‌ಗಳು ಗೂಗಲ್‌ಗೂ ಪೌಂಡೇ.

ನೋಟ್ಸ್‌ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ಧನ್ಯವಾದ. ನುಡಿ ಫಾಂಟೇ ಹೌದು ಮೇಡಂ. ಸೈಟಿನ ಭಾಷೆ ಬದಲಿಸಿದೆ, ಇತಿಹಾಸದ ಪುಟಕ್ಕೆ ಹೆಡಿಂಗ್ ಹಾಕಿದೆ. ಅಣಕು ಪರೀಕ್ಷೆ ನಡೆಯುವುದು ಬೇರೆಯವರು ಮಾಡಿದ ಪ್ಲಗಿನ್‌ನಲ್ಲಿ, ಅದರ ಬಗ್ಗೆ ಅವರನ್ನೇ ಕೇಳಬೇಕು. ಇನ್ನೊಂದು ಅನುಮಾನ: ನದಿಗಳ ನಕ್ಷೆಯ ಚಿತ್ರ ಕಾಣದವರಿಗೆ ವಿವರಣೆ ಅಂತ ಏನು ಬರೆಯಲಿ? 'ಕರ್ನಾಟಕದ ನದಿಗಳ ನಕ್ಷೆ' ಅಂದರೆ ಸಾಕಾ?

ಉಣಕಲ್ಲಿನವಳು, ಹುಬ್ಬಳ್ಳಿ

ಆಲ್ಟ್ ಟೆಕ್ಸ್ಟ್‌ಗೆ, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ಪಠ್ಯಕ್ಕೆ, ಅಷ್ಟು ಸಾಕು, ಆದರೆ ಪರೀಕ್ಷೆಗೆ ಸಾಲದು. ನಕ್ಷೆ ನೋಡಿ ಹುಡುಗರು ಏನು ಕಲಿಯಬೇಕು ಅಂತ ನೀವು ಹಾಕಿದ್ದೀರೋ ಅದನ್ನು ಕೆಳಗೆ ಬರೆಯಿರಿ. ತುಂಗಾ, ಭದ್ರಾ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರುತ್ತವೆ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ. ಶರಾವತಿ, ಕಾಳಿ ಪಶ್ಚಿಮಕ್ಕೆ. ಹೀಗೆ. ಯಾವ ನದಿಗೆ ಯಾವ ಬಣ್ಣ ಅಂತ ಬರೆಯುವುದು ಬೇಡ. ಅರ್ಥಶಾಸ್ತ್ರದ ಪಿಡಿಎಫ್ ಯೂನಿಕೋಡ್‌ಗೆ ಕನ್ವರ್ಟ್ ಆದ ಕೂಡಲೇ ಇಲ್ಲಿ ಲಿಂಕ್ ಹಾಕಿ, ನಾನು ಕೇಳಿ ನೋಡುತ್ತೇನೆ.